ಗುಡಾರ, ಗಾಡಿ, ತಗಡಿನ ಮನೆ: ಚಿಕ್ಕಬಳ್ಳಾಪುರ ಸೀಮೆಯಲ್ಲಿ ಹೊರಮೈ ಬಣ್ಣವೂ ಬಿಸಿಲಿನ ಶಾಖವೂ

೧

ಒಂದು ಸೀಮೆಯ ಚರಿತ್ರೆಯನ್ನು ಬರೆಯುವವರು ಅರಸುಮನೆತನಗಳನ್ನೂ ಯುದ್ಧಗಳನ್ನೂ ದಾನಶಾಸನಗಳನ್ನೂ ಮುಖ್ಯವಾಗಿ ಹಿಡಿಯುವುದು ರೂಢಿ. ಆ ಸೀಮೆಯ ಜನರು ಎಂತಹ ಸೂರಿನ ಕೆಳಗೆ ಬಾಳಿದರು, ಆ ಸೂರು ಬಿಸಿಲನ್ನು ಎಷ್ಟರಮಟ್ಟಿಗೆ ತಡೆಯಿತು ಎಂಬ ಪ್ರಶ್ನೆಯನ್ನು ಕಟ್ಟಡದ ಕೆಲಸದವರಿಗೋ ಭೌತವಿಜ್ಞಾನಿಗಳಿಗೋ ಬಿಟ್ಟುಬಿಡುವುದೂ ಅಷ್ಟೇ ರೂಢಿ. ಆದರೆ ಈ ಪ್ರಶ್ನೆಗೂ ಒಂದು ಚರಿತ್ರೆಯುಂಟು. ಸೂರಿನ ವಸ್ತು ಬದಲಾದಾಗಲೆಲ್ಲ ಅದರ ಕೆಳಗಿರುವವರ ಆರೋಗ್ಯ, ಕಸುಬು, ವರಮಾನಗಳೂ ಬದಲಾಗಿವೆ. ಈ ಲೇಖನದಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು, ಹೊರಮೈಯ ಬಣ್ಣ ಮತ್ತು ನಯಗಾರಿಕೆಗಳು ಬಿಸಿಲಿನ ಶಾಖವನ್ನು ಹೇಗೆ ಹೆಚ್ಚು ಕಡಿಮೆ ಮಾಡುತ್ತ ಬಂದಿವೆಯೆಂಬುದನ್ನು ಪರಿಶೀಲಿಸಲು ಉದ್ದೇಶಿಸಿದೆ.

ಈ ನಾಲ್ಕು ತಾಲ್ಲೂಕುಗಳು ಮೊದಲು ಕೋಲಾರ ಜಿಲ್ಲೆಗೆ ಸೇರಿದ್ದು, ೨೦೦೭ರಲ್ಲಿ ರಚಿತವಾದ ಚಿಕ್ಕಬಳ್ಳಾಪುರ ಜಿಲ್ಲೆಯ ಅಂಗಗಳಾದುವು. ಇವು ಉತ್ತರ ಅಕ್ಷಾಂಶ ೧೩ ಮತ್ತು ೧೪ ಡಿಗ್ರಿಗಳ ನಡುವೆ ಇವೆ. ಚಿಕ್ಕಬಳ್ಳಾಪುರ ಪಟ್ಟಣವು ಸಮುದ್ರಮಟ್ಟಕ್ಕೆ ಸುಮಾರು ೯೦೦ ಮೀಟರು ಎತ್ತರದಲ್ಲಿದೆ. ಉತ್ತರಪಿನಾಕಿನಿಯ ಬಯಲಿನಲ್ಲಿರುವ ಗೌರಿಬಿದನೂರು ಅದಕ್ಕಿಂತ ಸುಮಾರು ೨೦೦ ಮೀಟರು ತಗ್ಗಿನಲ್ಲಿರುವುದರಿಂದ ಅಲ್ಲಿ ಬೇಸಗೆ ಮತ್ತಷ್ಟು ತೀಕ್ಷ್ಣ. ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಸೂರ್ಯನು ಈ ಸೀಮೆಯ ನೆತ್ತಿಯ ಮೇಲೆ ಬರುತ್ತಾನೆ. ಆಗಸ್ಟ್ ತಿಂಗಳ ನಡುವೆ ಮತ್ತೊಮ್ಮೆ ಬರುತ್ತಾನಾದರೂ ಆಗ ಮೋಡದ ಮರೆಯಿರುತ್ತದೆ. ಆದುದರಿಂದ ಇಲ್ಲಿ ಬೇಸಗೆಯ ನಡುಹಗಲಿನ ಬಿಸಿಲನ್ನು ಎದುರಿಸಬೇಕಾದುದು ಗೋಡೆಯಲ್ಲ, ಮೇಲ್ಛಾವಣಿ. ಈ ಒಂದು ಭೌಗೋಳಿಕ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಷಯ ಸುಲಭವಾಗಿ ತಿಳಿಯುತ್ತದೆ.

ನಮ್ಮ ಪ್ರತಿಪಾದನೆಯನ್ನು ಮೊದಲೇ ಹೇಳಿಬಿಡುವುದು ಉಚಿತ. ದಪ್ಪವಾದ ಮಣ್ಣಿನ ಸೂರಿಗೆ ಹೊರಮೈಯ ಬಣ್ಣ ಅಷ್ಟು ಮುಖ್ಯವಾಗಿರಲಿಲ್ಲ. ಅದರ ತೂಕವೇ ಬಿಸಿಲನ್ನು ತಡೆಯುತ್ತಿತ್ತು. ತೆಳುವಾದ ಸೂರುಗಳಿಗೆ, ಎಂದರೆ ಗುಡಾರಕ್ಕೆ, ಗಾಡಿಗೆ, ರೈಲುಡಬ್ಬಿಗೆ, ಹೊರಮೈಯೇ ಮುಖ್ಯವಾದ ರಕ್ಷೆ. ಇಪ್ಪತ್ತನೆಯ ಶತಮಾನದಲ್ಲಿ ಈ ಸೀಮೆಯ ಮನೆಗಳೂ ಕೆಲಸದ ಕೊಟ್ಟಿಗೆಗಳೂ ಮಣ್ಣನ್ನು ಬಿಟ್ಟು ತಗಡನ್ನು ಹೊದ್ದಾಗ, ಅವು ಗುಡಾರದ ಕಷ್ಟವನ್ನು ಪಡೆದುವು. ಗುಡಾರವು ಕಂಡುಕೊಂಡಿದ್ದ ಉಪಾಯಗಳನ್ನು ಮಾತ್ರ ಪಡೆಯಲಿಲ್ಲ.

೨

ವಿಷಯದ ಭೌತಿಕ ಆಧಾರವನ್ನು ಸಂಕ್ಷೇಪವಾಗಿ ನೋಡೋಣ. ಯಾವುದೇ ಮೇಲ್ಮೈಯ ಮೇಲೆ ಬಿಸಿಲು ಬಿದ್ದಾಗ ಅದರಲ್ಲಿ ಒಂದು ಭಾಗ ಹಿಂದಿರುಗುತ್ತದೆ, ಉಳಿದುದು ಹೀರಲ್ಪಟ್ಟು ಶಾಖವಾಗುತ್ತದೆ. ಕಪ್ಪು ಬಣ್ಣ ಹೆಚ್ಚು ಹೀರುತ್ತದೆ, ಬಿಳಿ ಕಡಿಮೆ ಹೀರುತ್ತದೆ ಎಂಬುದು ಲೋಕಾನುಭವ. ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನು ಬೇರೆ ಬೇರೆ ಬಣ್ಣದ ಬಟ್ಟೆಯ ತುಂಡುಗಳನ್ನು ಬಿಸಿಲಿನಲ್ಲಿ ಹಿಮದ ಮೇಲೆ ಹಾಸಿ, ಕಪ್ಪು ತುಂಡು ಎಲ್ಲಕ್ಕಿಂತ ಆಳವಾಗಿ ಇಳಿದುದನ್ನೂ ಬಿಳಿಯದು ಇಳಿಯದೆ ನಿಂತುದನ್ನೂ ದಾಖಲಿಸಿದನು. ಬಿಸಿನಾಡುಗಳಲ್ಲಿ ಉಡುಪಿಗೆ ಬಿಳಿ ಬಣ್ಣವೇ ತಕ್ಕುದೆಂದು ಅವನು ಅದರಿಂದ ತೀರ್ಮಾನಿಸಿದನು. ನಮ್ಮ ರೈತನ ಬಿಳಿಯ ರುಮಾಲಿಗೆ ಈ ಪ್ರಯೋಗದ ಸಾಕ್ಷ್ಯ ಬೇಕಾಗಿರಲಿಲ್ಲವೆನ್ನಬಹುದು.

ಆದರೆ ಬಣ್ಣವೊಂದರಿಂದಲೇ ಎಲ್ಲವೂ ನಿರ್ಧಾರವಾಗುವುದಿಲ್ಲ. ಬಿಸಿಯಾದ ಮೇಲ್ಮೈ ತನ್ನ ಶಾಖವನ್ನು ಆಕಾಶದ ಕಡೆಗೆ ಸೂಸಬಲ್ಲುದೋ ಇಲ್ಲವೋ ಎಂಬುದು ಎರಡನೆಯ ಪ್ರಶ್ನೆ. ೧೮೦೪ರಲ್ಲಿ ಸ್ಕಾಟ್ಲೆಂಡಿನ ಜಾನ್ ಲೆಸ್ಲಿಯು ಪ್ರಕಟಿಸಿದ ಪ್ರಯೋಗಗಳಿಂದ ಒಂದು ವಿಚಿತ್ರ ಸಂಗತಿ ಸ್ಪಷ್ಟವಾಯಿತು: ಒಂದೇ ಬಿಸಿನೀರು ತುಂಬಿದ ಪಾತ್ರೆಯ ಉಜ್ಜಿ ಹೊಳಪಿಸಿದ ಲೋಹದ ಮುಖವು ಬಹಳ ಕಡಿಮೆ ಶಾಖವನ್ನು ಸೂಸುತ್ತದೆ, ಬಣ್ಣ ಬಳಿದ ಇಲ್ಲವೆ ಮಸಿ ಹಿಡಿದ ಮುಖವು ಬಹಳ ಹೆಚ್ಚಾಗಿ ಸೂಸುತ್ತದೆ. ಇಂದಿನ ಅಳತೆಗಳ ಪ್ರಕಾರ ಸುಣ್ಣ, ಮಣ್ಣು, ಹೆಂಚು, ಸಾಮಾನ್ಯ ಬಣ್ಣ ಇವೆಲ್ಲವೂ ಒಂದು ಮೇಲ್ಮೈ ಸೂಸಬಹುದಾದ ಗರಿಷ್ಠ ಶಾಖದಲ್ಲಿ ನೂರಕ್ಕೆ ಸುಮಾರು ೯೦ ಪಾಲನ್ನು ಸೂಸುತ್ತವೆ. ಹೊಳೆಯುವ ಅಲ್ಯೂಮಿನಿಯಂ ೧೦ಕ್ಕಿಂತ ಕಡಿಮೆ, ಹೊಸ ಸತುಲೇಪದ ತಗಡು ೨೦ರಿಂದ ೩೦. ಎಂದರೆ ಹೊಳೆಯುವ ಲೋಹವು ಬಿಸಿಲನ್ನು ಸಾಕಷ್ಟು ಹಿಂದಿರುಗಿಸಿದರೂ, ಹೀರಿದಷ್ಟನ್ನು ತನ್ನಲ್ಲಿಯೇ ಹಿಡಿದುಕೊಂಡು ಕಾಯುತ್ತದೆ. ಸುಣ್ಣ ಬಳಿದ ಮೈಗೆ ಹೊಳಪಿಲ್ಲ. ಆದರೂ ಅದು ಬಿಸಿಲಿನ ನೂರಕ್ಕೆ ಸುಮಾರು ೭೦ ಪಾಲನ್ನು ಚದುರಿಸಿ ಹಿಂದಿರುಗಿಸುತ್ತದೆ, ಹೀರಿದ ಉಳಿದ ಪಾಲನ್ನೂ ಸುಲಭವಾಗಿ ಸೂಸಿಬಿಡುತ್ತದೆ. ಹೊಳಪು ಬೇರೆ, ಬಿಳುಪು ಬೇರೆ ಎಂಬ ಈ ಭೇದವನ್ನು ವಿದ್ಯಾರ್ಥಿಗಳು ಗಮನದಲ್ಲಿಡಬೇಕು. ಮುಂದೆ ಇದರ ಅಗತ್ಯ ಬೀಳುತ್ತದೆ.

ಪ್ರಮಾಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ನಿರ್ಮಲವಾದ ಬೇಸಗೆಯ ನಡುಹಗಲಿನಲ್ಲಿ ಒಂದು ಚದರ ಮೀಟರು ಸಮತಲದ ಮೇಲೆ ಸುಮಾರು ೧೦೦೦ ವಾಟಿನಷ್ಟು ಬಿಸಿಲು ಬೀಳುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಕೋಣೆಯ ಸೂರು ಸುಮಾರು ೯.೩ ಚದರ ಮೀಟರು. ಹಳೆಯದಾಗಿ ಕಪ್ಪೇರಿದ ಸೂರು ನೂರಕ್ಕೆ ೮೦ ಪಾಲು ಹೀರುವುದಾದರೆ ಅದು ೭೪೦೦ ವಾಟು. ಬಿಳಿಯ ಸೂರು ನೂರಕ್ಕೆ ೩೦ ಪಾಲು ಹೀರುವುದಾದರೆ ೨೮೦೦ ವಾಟು. ಈ ಎರಡರ ಅಂತರ ಸಾವಿರ ವಾಟಿನ ನಾಲ್ಕೈದು ವಿದ್ಯುತ್ ಒಲೆಗಳಿಗೆ ಸಮ. ಹೀರಿದುದೆಲ್ಲವೂ ಒಳಗಿಳಿಯುವುದಿಲ್ಲ, ಗಾಳಿಯೂ ಆಕಾಶವೂ ಒಂದು ಪಾಲನ್ನು ಒಯ್ಯುತ್ತವೆ, ನಿಜ. ಆದರೂ ಸೂರು ತೆಳುವಾದಷ್ಟೂ ಒಳಗಿಳಿಯುವ ಪಾಲು ಹೆಚ್ಚು, ಇಳಿಯುವ ವೇಗವೂ ಹೆಚ್ಚು.

೩

ಈ ಬಯಲುಸೀಮೆಯ ಹಳೆಯ ಮನೆ ಮಣ್ಣಿನ ಮಾಳಿಗೆಯ ಮನೆ. ಮರದ ತೊಲೆಗಳ ಮೇಲೆ ಜಂತೆಗಳನ್ನು ಜೋಡಿಸಿ, ಅವುಗಳ ಮೇಲೆ ಕಡ್ಡಿ, ಸೊಪ್ಪು ಹರಡಿ, ಮೇಲೆ ಮಣ್ಣನ್ನು ಗೇಣುದಪ್ಪ ಹಾಕಿ ಬಡಿದು, ನೀರು ಇಳಿಯದಂತೆ ಚೌಳುಮಣ್ಣಿನ ಪದರವನ್ನು ಕೊಡುತ್ತಿದ್ದರು. ಬಂಡೆಗಳು ಹೇರಳವಾಗಿರುವ ಕಡೆ ಜಂತೆಗೆ ಬದಲಾಗಿ ಕಲ್ಲುಚಪ್ಪಡಿಗಳನ್ನು ಹಾಸುವುದೂ ಉಂಟು. ಉಳ್ಳವರು ಇಟ್ಟಿಗೆ ಗಾರೆಗಳಿಂದ ತಾರಸಿಯನ್ನು ಮಾಡಿಸುತ್ತಿದ್ದರು. ವರ್ಷಕ್ಕೆ ೭೦೦ ಮಿಲಿಮೀಟರು ಆಸುಪಾಸಿನ ಮಳೆಯಿರುವ ಸೀಮೆಗೆ ಇಂತಹ ಚಪ್ಪಟೆಯಾದ ಭಾರದ ಸೂರು ಹೊಂದಿಕೆಯಾಗಿತ್ತು.

ಮಾಳಿಗೆಯ ಮೇಲ್ಮೈ ಮಣ್ಣಿನ ಬಣ್ಣದ್ದು. ಅದು ಬಿಸಿಲಿನ ಬಹುಭಾಗವನ್ನು ಹೀರುತ್ತದೆ. ಆದರೆ ಹೀರಿದ ಶಾಖವು ಗೇಣುದಪ್ಪದ ಮಣ್ಣನ್ನು ದಾಟಿ ಕೆಳಗಿಳಿಯಲು ಹಲವು ಗಂಟೆಗಳು ಬೇಕು. ಮಧ್ಯಾಹ್ನದ ಕಾವು ಒಳಗೆ ಮುಟ್ಟುವ ವೇಳೆಗೆ ಹೊರಗೆ ಸಂಜೆಯ ಗಾಳಿ ಬೀಸತೊಡಗಿರುತ್ತದೆ. ಬೇಸಗೆಯ ರಾತ್ರಿಗಳಲ್ಲಿ ಜನರು ಜಗಲಿಯ ಮೇಲೋ ಮಾಳಿಗೆಯ ಮೇಲೋ ಮಲಗುತ್ತಿದ್ದುದಕ್ಕೆ ಇದೇ ಕಾರಣ: ಹಗಲಿನಲ್ಲಿ ಮನೆಯೊಳಗೆ ತಂಪು, ರಾತ್ರಿಯಲ್ಲಿ ಮನೆಯ ಮೇಲೆ ತಂಪು. ಹೀಗೆ ಬಿಸಿಲನ್ನು ತಡೆದುದು ಬಣ್ಣವಲ್ಲ, ತೂಕ.

ಹಾಗಾದರೆ ಸುಣ್ಣದ ಪಾತ್ರವೇನು? ಸುಣ್ಣಕಲ್ಲನ್ನು ಗೂಡಿನಲ್ಲಿ ಸುಟ್ಟು, ನೀರಿನಲ್ಲಿ ಅರಳಿಸಿ, ಗಂಜಿಯನ್ನೋ ಅಂಟನ್ನೋ ಬೆರೆಸಿ, ಹಬ್ಬಗಳು ಬಂದಾಗ ಗೋಡೆಗಳಿಗೆ ಬಳಿಯುವುದು ಸಾರ್ವತ್ರಿಕ ಪದ್ಧತಿ. ಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣಿನ ಪಟ್ಟಿ. ದೇವಸ್ಥಾನದ ಗೋಡೆಗಳಿಗೆ ಸುಣ್ಣ ಕೆಮ್ಮಣ್ಣುಗಳ ನಿಲುವುಪಟ್ಟೆಗಳು. ಬಳಿದ ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಸೇರಿಸಿಕೊಂಡು ಮತ್ತೆ ಸುಣ್ಣಕಲ್ಲಿನ ರೂಪವನ್ನೇ ಪಡೆದು ಗೋಡೆಗೆ ಕಚ್ಚಿಕೊಳ್ಳುತ್ತದೆ. ಇದರ ಉದ್ದೇಶ ಮುಖ್ಯವಾಗಿ ಶುಚಿತ್ವ, ಮಂಗಳ, ಕ್ರಿಮಿನಾಶ ಮತ್ತು ಮನೆಯೊಳಗಿನ ಬೆಳಕು. ಯುಗಾದಿಗೆ ಬಳಿದ ಸುಣ್ಣವು ಸೂರ್ಯನು ನೆತ್ತಿಯ ಮೇಲೆ ಬರುವ ವಾರಗಳಿಗೆ ಸರಿಯಾಗಿ ಹೊಸದಾಗಿರುತ್ತಿತ್ತೆಂಬುದು ನಿಜ; ಆದರೆ ಆ ಕಾರಣದಿಂದಲೇ ಪೂರ್ವಿಕರು ಈ ಪದ್ಧತಿಯನ್ನು ಏರ್ಪಡಿಸಿದರೆಂದು ಹೇಳುವುದಕ್ಕೆ ಆಧಾರವಿಲ್ಲ. ಹಾಗಿದ್ದಲ್ಲಿ ಅವರು ಸುಣ್ಣವನ್ನು ಬೇಸಗೆಯ ಬಿಸಿಲು ಹೆಚ್ಚು ಬೀಳದ ಗೋಡೆಗೆ ಬಳಿದು, ಬೀಳುವ ಮಾಳಿಗೆಗೆ ಬಳಿಯದೆ ಬಿಡುತ್ತಿರಲಿಲ್ಲ. ಮಾಳಿಗೆಗೆ ಅದರ ಅವಶ್ಯಕತೆಯೇ ಇರಲಿಲ್ಲವೆಂಬುದೇ ಸರಿಯಾದ ವಿವರಣೆ.

೪

ಭಾರದ ಸೂರಿನ ಆಶ್ರಯವಿಲ್ಲದೆ ಬಿಸಿಲನ್ನು ಮೊದಲು ಎದುರಿಸಿದವರು ಗುಡಾರಗಳಲ್ಲಿ ತಂಗುತ್ತಿದ್ದವರು. ಈ ಸೀಮೆ ದಂಡುಗಳ ದಾರಿಯಲ್ಲಿತ್ತು. ೧೬೮೭ರಲ್ಲಿ ಮೊಗಲರು ಸಿರಾ ಪ್ರಾಂತವನ್ನು ಏರ್ಪಡಿಸಿದರು. ದೊಡ್ಡಬಳ್ಳಾಪುರ, ಕೋಲಾರಗಳು ಅದರ ಪರಗಣೆಗಳಾದುವು. ಆವತಿ ನಾಡಪ್ರಭುಗಳ ವಂಶದವರು ಆಳುತ್ತಿದ್ದ ಚಿಕ್ಕಬಳ್ಳಾಪುರವನ್ನು ೧೭೬೨ರ ಸುಮಾರಿಗೆ ಹೈದರಾಲಿಯು ವಶಪಡಿಸಿಕೊಂಡನು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯವು ನಂದಿದುರ್ಗವನ್ನು ಮುತ್ತಿ, ೧೭೯೧ರ ಅಕ್ಟೋಬರ್ ೧೯ರಂದು ಹಿಡಿಯಿತು. ಹಲವು ವಾರಗಳ ಆ ಮುತ್ತಿಗೆಯಲ್ಲಿ ಬೆಟ್ಟದ ತಪ್ಪಲು ಒಂದು ಬಟ್ಟೆಯ ಊರಾಗಿ ಮಾರ್ಪಟ್ಟಿತ್ತೆಂದು ಊಹಿಸಬಹುದು.

ಗುಡಾರದ ಬಣ್ಣವು ಎಲ್ಲ ಕಾಲದಲ್ಲಿಯೂ ಬಿಸಿಲಿನ ಲೆಕ್ಕದಿಂದ ಗೊತ್ತಾದುದಲ್ಲ. ಹದಿನೇಳನೆಯ ಶತಮಾನದಲ್ಲಿ ಔರಂಗಜೇಬನ ಬಿಡಾರವನ್ನು ಕಂಡ ಫ್ರೆಂಚ್ ವೈದ್ಯ ಬರ್ನಿಯೆಯ ವರ್ಣನೆಯಿಂದ ಬಾದಶಹನ ಡೇರೆಗಳ ಹೊರಮೈ ಕೆಂಪಾಗಿತ್ತೆಂದೂ ಒಳಮೈಗೆ ಮಚಲೀಪಟ್ಟಣದ ಚೀಟಿಬಟ್ಟೆಯನ್ನು ಹೊಂದಿಸುತ್ತಿದ್ದರೆಂದೂ ತಿಳಿಯುತ್ತದೆ. ಅಲ್ಲಿ ಕೆಂಪು ಪದವಿಯ ಲಾಂಛನ. ಆ ಕೆಂಪಿನ ಕಾವನ್ನು ತಡೆಯಲು ಪದರದ ಮೇಲೆ ಪದರ, ಸುತ್ತಲೂ ಕನಾತು, ಲೆಕ್ಕವಿಲ್ಲದ ಸೇವಕರು ಇದ್ದರು. ಟಿಪ್ಪು ಸುಲ್ತಾನನದೆಂದು ಪ್ರಸಿದ್ಧವಾದ ಒಂದು ಡೇರೆ ಈಗ ವೇಲ್ಸಿನ ಪೊವಿಸ್ ಕೋಟೆಯಲ್ಲಿದೆ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮದರಾಸಿನ ಗವರ್ನರನಾಗಿದ್ದ ಎಡ್ವರ್ಡ್ ಕ್ಲೈವನ ಮೂಲಕ ಅದು ಅಲ್ಲಿಗೆ ಸೇರಿತು. ಅದರ ಚೀಟಿಬಟ್ಟೆ ಬಿಳಿಯ ನೆಲದ ಮೇಲೆ ಹೂಬಳ್ಳಿಗಳನ್ನು ಅಚ್ಚುಮಾಡಿದುದು.

ಪದವಿಯ ಪ್ರದರ್ಶನಕ್ಕಿಂತ ದಿನದಿನದ ವಾಸವೇ ಮುಖ್ಯವಾದಾಗ ಗುಡಾರದ ರೂಪವು ಬೇರೆಯಾಯಿತು. ಕಂಪನಿಯ ಮತ್ತು ಅನಂತರದ ಆಡಳಿತದಲ್ಲಿ ಅಧಿಕಾರಿಗಳು ಜಮಾಬಂದಿಗಾಗಿ ವರ್ಷದ ಬಹುಕಾಲ ತಿರುಗಾಟದಲ್ಲಿ ಕಳೆಯಬೇಕಾಗಿತ್ತು. ಸಾಹೇಬರು ಊರಿನಲ್ಲಿಲ್ಲವೆನ್ನುವುದಕ್ಕೆ ‘ಕ್ಯಾಂಪಿನಲ್ಲಿದ್ದಾರೆ’ ಎಂಬ ಮಾತು ನಮ್ಮ ಕಚೇರಿಗಳಲ್ಲಿ ಇಂದಿಗೂ ಉಳಿದಿರುವುದು ಆ ಕಾಲದ ಶೇಷ. ಕಾನ್ಪುರದ ಗಿರಣಿಗಳಲ್ಲಿಯೂ ಇತರೆಡೆಗಳಲ್ಲಿಯೂ ತಯಾರಾಗುತ್ತಿದ್ದ ಒಳ್ಳೆಯ ಡೇರೆಗಳಿಗೆ ಎರಡು ಸೂರುಗಳಿದ್ದುವು. ಹೊರಗಿನದು ಬಿಸಿಲನ್ನು ತಾನು ತೆಗೆದುಕೊಳ್ಳುವ ತಿಳಿಬಣ್ಣದ ದಪ್ಪಬಟ್ಟೆ. ಒಳಗಿನದು ಅದಕ್ಕೆ ತಾಗದಂತೆ ಕಟ್ಟಿದ ಬೇರೊಂದು ಬಟ್ಟೆ. ನಡುವೆ ಗಾಳಿಯಾಡುವ ತೆರಪು. ಹೊರಸೂರು ಬಿಸಿಯಾದರೂ ಆ ಬಿಸಿಯನ್ನು ನಡುವಿನ ಗಾಳಿ ಒಯ್ಯುತ್ತದೆ. ತಿಳಿಬಣ್ಣ, ಎರಡನೆಯ ಸೂರು, ಗಾಳಿಯ ತೆರಪು, ಈ ಮೂರೂ ಸೇರಿ ಗುಡಾರದ ವಿದ್ಯೆ.

ಇದೂ ಸಾಲದೆಂದು ಕಂಡವರು ಬೆಟ್ಟವನ್ನೇರಿದರು. ೧೮೩೪ರಿಂದ ೧೮೬೧ರವರೆಗೆ ಮೈಸೂರಿನ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ ೧೪೭೮ ಮೀಟರು ಎತ್ತರದ ನಂದಿಯ ಮೇಲೆ ಬೇಸಗೆಯ ಮನೆಯನ್ನು ಕಟ್ಟಿಸಿಕೊಂಡನು. ಅವನಿಗಿಂತ ಮೊದಲು ಟಿಪ್ಪುವಿಗೂ ಅಲ್ಲಿ ಒಂದು ಬೇಸಗೆಯ ವಿಹಾರವಿತ್ತು. ಎತ್ತರವನ್ನು ಕೊಳ್ಳಬಲ್ಲವರು ಎತ್ತರಕ್ಕೆ ಹೋದರು; ಉಳಿದವರು ಬಯಲಿನಲ್ಲಿ ತಮ್ಮ ಸೂರಿನ ಗುಣವನ್ನೇ ನಂಬಬೇಕಾಯಿತು.

೫

ಗುಡಾರದ ವಿದ್ಯೆ ಗಾಲಿಯ ಮೇಲಿನ ಸೂರಿಗೂ ಬಂದಿತು. ಸಂತೆಗೆ, ಜಾತ್ರೆಗೆ ಹೋಗುವ ಕಮಾನುಗಾಡಿಗೆ ಬಿದಿರಿನ ಚಾಪೆಯ ಹೊದಿಕೆಯಿದ್ದು, ಹಿಂದೆಮುಂದೆ ತೆರೆದಿರುತ್ತಿದ್ದುದರಿಂದ ಅದು ಕಾದರೂ ಒಳಗೆ ಗಾಳಿ ನಿಲ್ಲುತ್ತಿರಲಿಲ್ಲ. ಅನಂತರ ಬಂದ ರೈಲುಡಬ್ಬಿಯಾದರೋ ಮುಚ್ಚಿದ ಪೆಟ್ಟಿಗೆ. ಗೌರಿಬಿದನೂರಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬೆಂಗಳೂರು ಹಿಂದೂಪುರಗಳ ನಡುವಣ ದಾರಿಯಿಂದ ರೈಲು ದೊರೆಯಿತು. ಉಳಿದ ಮೂರು ಊರುಗಳನ್ನು ಎರಡೂವರೆ ಅಡಿ ಅಗಲದ ಚಿಕ್ಕ ರೈಲುದಾರಿ ಪೋಣಿಸಿತು: ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ೧೯೧೩ರಲ್ಲಿ, ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ೧೯೧೫ರಲ್ಲಿ, ಅಲ್ಲಿಂದ ಶಿಡ್ಲಘಟ್ಟ, ಚಿಂತಾಮಣಿಗಳ ಮೂಲಕ ಕೋಲಾರಕ್ಕೆ ೧೯೧೬ರಲ್ಲಿ. ಚಿಕ್ಕಬಳ್ಳಾಪುರ ಕೋಲಾರಗಳ ನಡುವಣ ಭಾಗವು ದೊಡ್ಡ ಅಳತೆಗೆ ಬದಲಾದುದು ೨೦೧೩ರಲ್ಲಿ.

ಭಾರತದ ರೈಲ್ವೆಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಿಸಿಲಿನ ಸಮಸ್ಯೆಯನ್ನು ಎದುರಿಸಿದ್ದುವು. ಡಬ್ಬಿಗಳಿಗೆ ಎರಡು ಸೂರುಗಳನ್ನು ಕೊಟ್ಟು ನಡುವೆ ಗಾಳಿ ಬಿಡುವುದು, ಕಿಟಕಿಗಳ ಮೇಲೆ ಬಿಸಿಲುತಡೆಯನ್ನು ಚಾಚುವುದು, ಪಟ್ಟಿಬಾಗಿಲುಗಳನ್ನು ಹಾಕುವುದು, ಮೇಲಿನ ತರಗತಿಯವರಿಗೆ ನೀರು ಚಿಮುಕಿಸಿದ ಲಾವಂಚದ ತಡಿಕೆಗಳನ್ನು ಕಟ್ಟುವುದು, ಇವೆಲ್ಲ ಬಳಕೆಯಲ್ಲಿದ್ದುವು. ೧೯೫೫ರಲ್ಲಿ ಪೆರಂಬೂರಿನ ಕಾರ್ಖಾನೆ ಪ್ರಾರಂಭವಾದ ಮೇಲೆ ಉಕ್ಕಿನ ಡಬ್ಬಿಗಳು ಹರಡಿದುವು. ಅವುಗಳ ಪಕ್ಕಗಳು ಬಹುಕಾಲ ಕಡುಗೆಂಪಾಗಿದ್ದು, ೧೯೯೦ರ ದಶಕದಿಂದ ನೀಲಿಯಾದುವು. ಈ ಬಣ್ಣಗಳು ಬಿಸಿಲನ್ನು ಹೆಚ್ಚಾಗಿ ಹೀರುವುದರಿಂದ ಶಾಖದ ತಡೆಗೆ ಸೂರನ್ನೂ, ಒಳಪದರದ ನಡುವೆ ತುಂಬಿದ ಶಾಖನಿರೋಧಕ ವಸ್ತುವನ್ನೂ ನಂಬಬೇಕಾಯಿತು.

ಇದೇ ಕಾಲಕ್ಕೆ ಹೊರದೇಶದಲ್ಲಿ ನಡೆದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. ೧೯೩೦ರ ದಶಕದಲ್ಲಿ ಅಮೆರಿಕದ ವಾಲಿ ಬಯಮ್ ಎಂಬವನು ‘ಏರ್‌ಸ್ಟ್ರೀಮ್’ ಎಂಬ ಹೆಸರಿನಿಂದ ಹೊಳೆಯುವ ಅಲ್ಯೂಮಿನಿಯಂ ಮೈಯ ಪ್ರವಾಸದ ಮನೆಗಾಡಿಗಳನ್ನು ತಯಾರಿಸಿದನು. ನೋಡುವವರಿಗೆ ಕನ್ನಡಿಯಂತಿದ್ದ ಈ ಮೈ ಬಿಸಿಲನ್ನೆಲ್ಲ ಹಿಂದಕ್ಕಟ್ಟುತ್ತದೆಂದು ತೋರಬಹುದು. ಆದರೆ ಲೆಸ್ಲಿಯ ಪಾಠವನ್ನು ನೆನೆದರೆ, ಬರಿಯ ಲೋಹವು ಹೀರಿದ ಶಾಖವನ್ನು ಸುಲಭವಾಗಿ ಬಿಡುವುದಿಲ್ಲವೆಂಬುದು ತಿಳಿಯುತ್ತದೆ. ಬಿಸಿಲಿನಲ್ಲಿ ನಿಂತ ಹೊಳಪಿನ ಲೋಹಕ್ಕಿಂತ ಅದೇ ಲೋಹದ ಮೇಲೆ ಬಿಳಿಯ ಬಣ್ಣವನ್ನು ಬಳಿದ ಸೂರು ತಂಪಾಗಿರುತ್ತದೆ. ಗಾಡಿಯನ್ನೇ ಮನೆ ಮಾಡಿಕೊಂಡು ತಿರುಗುವವರು ಇಂದಿಗೂ ಸೂರಿಗೆ ಬಿಳಿಯ ಬಣ್ಣವನ್ನು ಆರಿಸುವುದಕ್ಕೆ ಆಧಾರ ಇದೇ.

೬

ಈಗ ಮನೆಯ ಕಡೆಗೆ ಹಿಂದಿರುಗೋಣ. ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಮಂಗಳೂರು ಹೆಂಚು ಕ್ರಮೇಣ ಒಳನಾಡಿಗೂ ಬಂದಿತು. ಅನಂತರ ಸತುಲೇಪದ ಅಲೆತಗಡು, ಇಪ್ಪತ್ತನೆಯ ಶತಮಾನದಲ್ಲಿ ಕಲ್ನಾರಿನ ಶೀಟು, ಸಿಮೆಂಟು ಕಾಂಕ್ರೀಟು. ಮರದ ತೊಲೆಗಳ ಅಭಾವ, ಮಾಳಿಗೆಯನ್ನು ವರ್ಷವರ್ಷವೂ ಸರಿಪಡಿಸುವ ಶ್ರಮ, ಸೋರುವ ಭಯ ಇವೆಲ್ಲ ಸೇರಿ ಹೊಸ ಸೂರನ್ನು ಜನಪ್ರಿಯಗೊಳಿಸಿದುವು. ಗೇಣುದಪ್ಪದ ಮಣ್ಣಿನ ಜಾಗಕ್ಕೆ ಒಂದು ಮಿಲಿಮೀಟರೂ ಇಲ್ಲದ ತಗಡು ಬಂದಿತು. ಹೊಸತಾದಾಗ ಹೊಳೆಯುವ ಈ ತಗಡು ಕೆಲವು ವರ್ಷಗಳಲ್ಲಿ ಮಂಕಾಗಿ ಬೂದಿಬಣ್ಣಕ್ಕೆ ತಿರುಗುತ್ತದೆ. ಕಲ್ನಾರಿನ ಶೀಟು ಪಾಚಿಕಟ್ಟಿ ಕಪ್ಪಾಗುತ್ತದೆ. ಆಗ ಎರಡೂ ಬಿಸಿಲಿನ ಹೆಚ್ಚಿನ ಪಾಲನ್ನು ಹೀರತೊಡಗುತ್ತವೆ. ಈ ಬದಲಾವಣೆಯ ಪರಿಣಾಮವು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ರೇಷ್ಮೆಯ ಕಸುಬಿನಲ್ಲಿ.

ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ರೇಷ್ಮೆ ಈ ತಾಲ್ಲೂಕುಗಳಲ್ಲಿ, ಅದರಲ್ಲಿಯೂ ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರಗಳಲ್ಲಿ, ಸಾವಿರಾರು ಕುಟುಂಬಗಳ ಜೀವನಾಧಾರ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ರೇಷ್ಮೆಹುಳುವಿಗೆ ತನ್ನ ಮೈಯ ಉಷ್ಣತೆಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯಿಲ್ಲ. ಸುತ್ತಲಿನ ಗಾಳಿಯ ಉಷ್ಣತೆಯೇ ಅದರ ಉಷ್ಣತೆ. ಚಾಕಿ ಹುಳುವಿಗೆ ೨೬ರಿಂದ ೨೮ ಡಿಗ್ರಿ ಸೆಲ್ಸಿಯಸ್, ದೊಡ್ಡ ಹುಳುವಿಗೆ ೨೪, ೨೫ ಡಿಗ್ರಿ ತಕ್ಕುದು. ೩೦ ಡಿಗ್ರಿಯನ್ನು ಮೀರಿ ಕಾವು ನಿಂತರೆ ಹುಳು ಸೊಪ್ಪನ್ನು ಬಿಡುತ್ತದೆ. ಹಾಲುರೋಗ, ಸಪ್ಪೆರೋಗಗಳಿಗೆ ಎಡೆಯಾಗುತ್ತದೆ. ನಾಲ್ಕು ಜ್ವರಗಳನ್ನು ದಾಟಿದ ಹುಳುವು ಕೊನೆಯ ಏಳೆಂಟು ದಿನಗಳಲ್ಲಿಯೇ ತನ್ನ ಒಟ್ಟು ಆಹಾರದ ನೂರಕ್ಕೆ ೮೦ ಪಾಲಿಗೂ ಮೀರಿ ತಿನ್ನುತ್ತದೆ. ಆದುದರಿಂದ ಆ ದಿನಗಳಲ್ಲಿ ಕಾವಿಗೆ ಸಿಕ್ಕಿ ಹುಳು ಸತ್ತರೆ ಅದುವರೆಗೆ ಹಾಕಿದ ಹಿಪ್ಪುನೇರಳೆ ಸೊಪ್ಪು, ಕೂಲಿ, ಸಾಲ ಎಲ್ಲವೂ ಒಟ್ಟಿಗೆ ನಷ್ಟವಾಗುತ್ತವೆ.

ಹಿಂದೆ ರೈತನ ಕುಟುಂಬವೂ ಹುಳುವೂ ಒಂದೇ ಮನೆಯಲ್ಲಿದ್ದುವು. ಮಣ್ಣಿನ ಮಾಳಿಗೆಯ ಕೆಳಗೆ, ಮಂಚದಂತೆ ಕಟ್ಟಿದ ಅಟ್ಟಣೆಯ ಮೇಲೆ, ಬಿದಿರಿನ ತಟ್ಟೆಗಳಲ್ಲಿ ಮೈಸೂರು ತಳಿಯ ಹುಳುಗಳು ಬೆಳೆಯುತ್ತಿದ್ದುವು. ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡುತ್ತಿದ್ದರು. ೧೯೯೦ರ ದಶಕದಿಂದೀ ಚೆಗೆ ರೆಂಬೆಸಹಿತ ಸೊಪ್ಪನ್ನು ಕೊಡುವ ಪದ್ಧತಿಯೂ, ಇಳುವರಿ ಹೆಚ್ಚಾದ ದ್ವಿತಳಿ ಹುಳುಗಳೂ ಹರಡಿದುವು. ಇದಕ್ಕೆ ಹೆಚ್ಚಿನ ಸ್ಥಳ ಬೇಕಾದುದರಿಂದ ಹುಳುವಿಗೆ ಪ್ರತ್ಯೇಕವಾದ ಸಾಕಣೆಮನೆ ಎದ್ದಿತು. ಇಂತಹ ಅನೇಕ ಮನೆಗಳಿಗೆ ತಗಡು ಇಲ್ಲವೆ ಶೀಟಿನ ಸೂರು. ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಕಾವನ್ನು ಹೆಚ್ಚು ತಾಳುತ್ತಿದ್ದ ಹಳೆಯ ತಳಿ ತಂಪಾದ ಮಾಳಿಗೆಯ ಕೆಳಗಿತ್ತು. ಕಾವನ್ನು ಕಡಿಮೆ ತಾಳುವ ಹೊಸ ತಳಿ ಬಿಸಿಯಾದ ಶೀಟಿನ ಕೆಳಗೆ ಬಂದಿತು. ಇದರ ಜೊತೆಗೆ ೧೯೮೦ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡ ಊಜಿನೊಣದ ಕಾಟದಿಂದ ಕಿಟಕಿಗಳಿಗೆ ಬಲೆ ಹಾಕಬೇಕಾಗಿ, ಗಾಳಿಯ ಸಂಚಾರವೂ ತಗ್ಗಿತು.

ರೈತರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಸೂರಿನ ಮೇಲೆ ತೆಂಗಿನ ಗರಿಗಳನ್ನು ಹೊದಿಸಿದರು, ಕಿಟಕಿಗಳಿಗೆ ಒದ್ದೆ ಗೋಣಿಯನ್ನು ಕಟ್ಟಿದರು, ನೀರು ಚಿಮುಕಿಸಿದರು, ಸೂರಿಗೆ ಸುಣ್ಣ ಬಳಿದರು. ತೆಂಗಿನ ಗರಿಯೆಂದರೆ ಗುಡಾರದ ಎರಡನೆಯ ಸೂರು. ಸುಣ್ಣವೆಂದರೆ ಗುಡಾರದ ತಿಳಿಬಣ್ಣ. ತಲೆಮಾರುಗಳಿಂದ ಗೋಡೆಯ ಮೇಲಿದ್ದ ಸುಣ್ಣವು ಹೀಗೆ ಸೂರನ್ನು ಏರಿತು. ಗೂಡನ್ನು ಮಾರುಕಟ್ಟೆಗೆ ಸಾಗಿಸುವಾಗಲೂ ಇದೇ ನಿಯಮ. ಒಳಗಿನ ಕೋಶ ಜೀವಂತವಾಗಿರುವುದರಿಂದ, ಬಿಸಿಲಿನಲ್ಲಿ ನಿಂತ ಮುಚ್ಚಿದ ಗಾಡಿಯಲ್ಲಿ ಗೂಡು ಕೆಡುತ್ತದೆ. ಸಡಿಲವಾಗಿ ತುಂಬಿ, ರಾತ್ರಿಯಲ್ಲೋ ಬೆಳಗಿನ ಝಾವದಲ್ಲೋ ಸಾಗಿಸುವುದು ಉತ್ತಮ.

ಹುಳುವಿನ ವಿಷಯದಲ್ಲಿ ಇಷ್ಟು ಎಚ್ಚರ ಹುಟ್ಟಿದುದು ಸಹಜ, ಏಕೆಂದರೆ ಹುಳು ಸತ್ತರೆ ನಷ್ಟ ಕಣ್ಣಿಗೆ ಕಾಣುತ್ತದೆ. ಅದೇ ಸೂರಿನ ಕೆಳಗೆ ನೂಲು ಬಿಚ್ಚುವವರ ವಿಷಯದಲ್ಲಿ ಆ ಎಚ್ಚರ ಅಷ್ಟಾಗಿ ಕಾಣುವುದಿಲ್ಲ. ಬಿಚ್ಚಾಣಿಕೆಯ ಘಟಕದಲ್ಲಿ ಗೂಡು ಬೇಯುವ ಕುದಿನೀರಿನ ಹಬೆಯೊಂದು ಕಡೆ, ಮೇಲಿನಿಂದ ಶೀಟಿನ ಕಾವೊಂದು ಕಡೆ. ಬಿಸಿನೀರಿನಲ್ಲಿ ಕೈಯಿಟ್ಟು ದಿನವಿಡೀ ದುಡಿಯುವ ಹೆಂಗಸರಿಗೂ ಗಂಡಸರಿಗೂ ಬೆವರು ಆರಬೇಕಾದರೆ ಒಣಗಾಳಿ ಬೇಕು; ಹಬೆ ತುಂಬಿದ ಕೋಣೆಯಲ್ಲಿ ಅದು ದೊರೆಯುವುದಿಲ್ಲ. ಹಬೆಯನ್ನು ತಡೆಯಲಾಗದಿದ್ದರೂ ಸೂರಿನ ಕಾವನ್ನಾದರೂ ತಗ್ಗಿಸಬಹುದು. ಶೀಟಿನ ಮನೆಗಳಲ್ಲಿ ಹಗಲು ಕಳೆಯುವ ಮಕ್ಕಳಿಗೂ ಮುದುಕರಿಗೂ ಇದೇ ಮಾತು ಸಲ್ಲುತ್ತದೆ.

೭

ಈ ವಾದಕ್ಕೆ ಎದುರಾಗಬಹುದಾದ ಆಕ್ಷೇಪಗಳನ್ನು ಪರಿಶೀಲಿಸುವುದು ಅಗತ್ಯ. ಮೊದಲನೆಯದು: ಬಿಳಿಯ ಸೂರು ಚಳಿಗಾಲದಲ್ಲಿ ಮನೆಯನ್ನು ಮತ್ತಷ್ಟು ತಣ್ಣಗಾಗಿಸುವುದಿಲ್ಲವೆ? ಈ ಎತ್ತರದ ಸೀಮೆಯಲ್ಲಿ ಡಿಸೆಂಬರಿನ ಚಳಿಗೆ ಹುಳುಮನೆಯಲ್ಲಿ ಇದ್ದಿಲ ಒಲೆಯನ್ನಿಡುವುದುಂಟು. ಆದರೆ ಡಿಸೆಂಬರಿನಲ್ಲಿ ಸೂರ್ಯನು ನಡುಹಗಲಿನಲ್ಲಿಯೂ ನೆತ್ತಿಯಿಂದ ಸುಮಾರು ೩೭ ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ತೆಂಕಣ ಗೋಡೆಗೆ ಬೀಳುವ ಬಿಸಿಲು ಹೆಚ್ಚು, ಸೂರಿಗೆ ಬೀಳುವುದು ಕಡಿಮೆ. ಚಳಿ ಕಾಡುವುದು ಬಿಸಿಲಿಲ್ಲದ ರಾತ್ರಿಯಲ್ಲಿ; ಆಗ ಕಪ್ಪು ಸೂರೂ ಬಿಳಿಯ ಸೂರೂ ಹೆಚ್ಚುಕಡಿಮೆ ಸಮ. ಆದುದರಿಂದ ಬೇಸಗೆಯ ಲಾಭಕ್ಕಿಂತ ಚಳಿಗಾಲದ ನಷ್ಟ ಕಡಿಮೆ.

ಎರಡನೆಯದು: ಸುಣ್ಣ ಬಾಳುವುದಿಲ್ಲ, ಮಳೆಗೆ ತೊಳೆದುಹೋಗುತ್ತದೆ, ಧೂಳಿಗೆ ಮಾಸುತ್ತದೆ. ಕಲ್ಲುಗಣಿಗಳಿರುವ ಊರುಗಳಲ್ಲಿ ಒಂದೇ ವರ್ಷದಲ್ಲಿ ಬಿಳುಪು ಮಾಸುವುದು ನಿಜ. ಒರಟಾದ ಮೈ ಧೂಳನ್ನು ಹೆಚ್ಚು ಹಿಡಿಯುತ್ತದೆ. ನಯವಾದ ಬಣ್ಣ ಹೆಚ್ಚುಕಾಲ ಶುಚಿಯಾಗಿರುತ್ತದೆ. ನಯಗಾರಿಕೆಯ ಮುಖ್ಯ ಪ್ರಯೋಜನ ಇಷ್ಟೇ. ಹೊಳಪಿನಿಂದಲೇ ತಂಪು ಬರುವುದಿಲ್ಲ. ಸುಣ್ಣವನ್ನು ವರ್ಷವರ್ಷವೂ ಹೊಸದಾಗಿ ಬಳಿಯಬೇಕೆಂಬುದು ನಮ್ಮ ಸೀಮೆಗೆ ಹೊಸ ಮಾತಲ್ಲ, ಹಬ್ಬದ ಕ್ರಮವೇ ಅದಾಗಿತ್ತು. ಈ ಭಾಗದ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದಾದುದರಿಂದ, ಫಾಲ್ಗುಣದಲ್ಲಿ ಬಳಿದ ಸುಣ್ಣ ಬೇಸಗೆಯ ಬಹುಭಾಗಕ್ಕೆ ಒದಗುತ್ತದೆ. ಒಂದು ಎಚ್ಚರಿಕೆ ಮಾತ್ರ ಅವಶ್ಯ: ಕಲ್ನಾರಿನ ಹಳೆಯ ಶೀಟನ್ನು ಒಣಗಿದಾಗ ಕೆರೆದು ಉಜ್ಜಬಾರದು, ಅದರ ಎಳೆ ಗಾಳಿಗೆ ಸೇರಿ ಶ್ವಾಸಕೋಶಕ್ಕೆ ಹಾನಿಮಾಡುತ್ತದೆ. ಅದರ ಮೇಲೆ ಕಾಲಿಟ್ಟರೆ ಒಡೆದು ಬೀಳುವ ಭಯವೂ ಉಂಟು.

ಮೂರನೆಯದು: ಬಣ್ಣವೊಂದೇ ಸಾಕೆ? ಸಾಲದು. ಗುಡಾರದ ವಿದ್ಯೆಯಲ್ಲಿ ಬಣ್ಣ ಮೂರರಲ್ಲೊಂದು. ಸೂರಿನ ಕೆಳಗೆ ಎರಡನೆಯ ಪದರವೂ, ನಡುವೆ ಗಾಳಿಯ ತೆರಪೂ ಇದ್ದರೇ ಪೂರ್ಣಫಲ. ಆದರೆ ಮೂರರಲ್ಲಿ ಅತ್ಯಂತ ಅಗ್ಗವಾದುದು, ಬಡವನೂ ಒಂದೇ ದಿನದಲ್ಲಿ ಮಾಡಿಕೊಳ್ಳಬಹುದಾದುದು ಬಣ್ಣವೇ. ನೆರೆಯ ತೆಲಂಗಾಣ ರಾಜ್ಯವು ೨೦೨೩ರಲ್ಲಿ ತಂಪುಸೂರುಗಳಿಗಾಗಿ ಒಂದು ನೀತಿಯನ್ನೇ ಪ್ರಕಟಿಸಿತು.

೮

ಮೇಲಿನ ವಿವೇಚನೆಯಿಂದ ತಿಳಿದುಬರುವುದು ಇಷ್ಟು. ಚಿಕ್ಕಬಳ್ಳಾಪುರ ಸೀಮೆಯಲ್ಲಿ ಬಿಸಿಲಿನ ತಡೆಗೆ ಎರಡು ಬೇರೆ ಬೇರೆ ಪರಂಪರೆಗಳಿದ್ದುವು. ನೆಲೆನಿಂತವರ ಪರಂಪರೆ ತೂಕದ್ದು, ಸಂಚಾರಿಗಳ ಪರಂಪರೆ ಹೊರಮೈಯದು. ಎರಡೂ ತಮ್ಮ ತಮ್ಮ ಸ್ಥಾನದಲ್ಲಿ ಸಫಲವಾಗಿದ್ದುವು. ಮಾಳಿಗೆ ಹೋಗಿ ಶೀಟು ಬಂದಾಗ ನೆಲೆನಿಂತವನ ಮನೆ ಶಾಖದ ದೃಷ್ಟಿಯಿಂದ ಸಂಚಾರಿಯ ಗುಡಾರವಾಯಿತು. ಆದರೆ ಅದನ್ನು ಕಟ್ಟಿದವರು ಅದನ್ನು ಮನೆಯೆಂದೇ ಭಾವಿಸಿ, ಗುಡಾರಕ್ಕೆ ಬೇಕಾದ ಉಪಚಾರಗಳನ್ನು ಮಾಡಲಿಲ್ಲ. ಹುಳು ಸಾಕುವ ರೈತನು ನಷ್ಟದ ಪೆಟ್ಟಿನಿಂದ ಆ ಉಪಚಾರಗಳನ್ನು ತಾನಾಗಿಯೇ ಮತ್ತೆ ಕಂಡುಕೊಂಡನು.

ಈ ವಿಷಯದಲ್ಲಿ ಆಗಬೇಕಾದ ಕೆಲಸ ಇನ್ನೂ ಉಂಟು. ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಉಳಿದಿರುವ ಮಣ್ಣಿನ ಮಾಳಿಗೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಅವುಗಳ ದಪ್ಪವೆಷ್ಟು, ಯಾವ ಮರ, ಯಾವ ಮಣ್ಣು, ಯಾವ ಕೆಲಸಗಾರರು, ಯಾವ ವರ್ಷ ಕೆಡವಿದರು, ಅನಂತರ ಯಾವ ಸೂರು ಬಂದಿತು ಎಂಬುದನ್ನು ಹಿರಿಯರನ್ನು ಕೇಳಿ ಬರೆದಿಡಬೇಕು. ಏಪ್ರಿಲ್ ತಿಂಗಳ ಒಂದು ದಿನ, ಒಂದೇ ಊರಿನ ಮಾಳಿಗೆಮನೆ, ಹೆಂಚಿನ ಮನೆ, ಬರಿಯ ಶೀಟಿನ ಮನೆ, ಸುಣ್ಣ ಬಳಿದ ಶೀಟಿನ ಮನೆ, ಈ ನಾಲ್ಕರೊಳಗೆ ಒಂದೊಂದು ಉಷ್ಣಮಾಪಕವನ್ನಿಟ್ಟು ಬೆಳಗಿನಿಂದ ರಾತ್ರಿಯವರೆಗೆ ಗಂಟೆಗೊಮ್ಮೆ ಗುರುತುಹಾಕುವುದು ಕಾಲೇಜಿನ ಯಾವ ವಿದ್ಯಾರ್ಥಿಗೂ ಅಸಾಧ್ಯವಲ್ಲ. ಚರಿತ್ರೆಯ ವಿಭಾಗವೂ ಭೌತವಿಜ್ಞಾನದ ವಿಭಾಗವೂ ಕೂಡಿ ಮಾಡಬಹುದಾದ ಈ ಕೆಲಸವನ್ನು ಮಾಳಿಗೆಗಳು ಉಳಿದಿರುವಾಗಲೇ ಕೈಗೊಳ್ಳುವುದು ಮೇಲು.